ನನ್ನದಲ್ಲ ಎಂದ ಕಿಲಾರಿ

ದೊಡ್ಡಪಾಲಯ್ಯ ನನ್ನ ಅಂಗಡಿಗೆ ಬಂದರೆ ನನಗೆ ಲಾಭವಾಗುತ್ತಿತ್ತು ಎಂದು ಹೇಳಲಾರೆ. ಚಳ್ಳಕೆರೆಯಲ್ಲಿ ನಾನು ಶೇಂಗಾ ಹಿಂಡಿ, ಬೂಸಾ ಮಾರುವವನು. ಅವನು ಚೀಲದ ಬಾಯಿ ಬಿಚ್ಚಿಸಿ, ಒಂದು ಹಿಡಿ ಹಿಂಡಿ ಮೂಸಿ, "ಮುಗ್ಗಿದ ವಾಸ್ನೆ ಐತೆ ಸಾವ್ಕಾರ್ರೆ" ಎಂದು ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿ, ಕಡೆಗೆ ಅದೇ ಚೀಲವನ್ನು ಹೆಗಲಿಗೇರಿಸಿಕೊಂಡು ಹೋಗುತ್ತಿದ್ದ. ಅಷ್ಟರಲ್ಲಿ ಉಳಿದ ಗಿರಾಕಿಗಳು ಎದುರಂಗಡಿ ಸೇರಿರುತ್ತಿದ್ದರು.

ಅವನು ತಳಕಿನ ಆಚೆಯ ಒಂದು ಹಟ್ಟಿಯವನು. ಮ್ಯಾಸ ನಾಯಕರ ದೇವರ ದನ ಕಾಯುವ ಕಿಲಾರಿ. ದೇವರ ದನವೆಂದರೆ ಹಿಂದೆಂದೋ ದೇವರ ಹೆಸರಿಗೆ ಬಿಟ್ಟವು. ಅವುಗಳ ಕರು, ಕರುವಿನ ಕರು, ಎಲ್ಲವೂ ದೇವರದೇ. ಅವನ್ನು ಹೂಡುವುದಿಲ್ಲ, ಮಾರುವುದಿಲ್ಲ, ಮೂಗುದಾರ ಏರಿಸುವುದಿಲ್ಲ. ಸತ್ತರೆ ಮನುಷ್ಯರನ್ನು ಹೂಳುವಂತೆ ಹೂಳುತ್ತಾರೆ. ಅವನ ಅಪ್ಪ ಕಿಲಾರಿ, ಅಪ್ಪನ ಅಪ್ಪನೂ ಕಿಲಾರಿ. ಹೆಂಡತಿ ಕಾಟಮ್ಮ ಎಲ್ಲರೆದುರೇ ಹೇಳುತ್ತಿದ್ದಳು, "ಈವಯ್ಯ ತಾಳಿ ಕಟ್ಟಿದ್ದು ನನಗೆ, ಸಂಸಾರ ಮಾಡೋದು ಹಸುಗಳ ಜೊತೆ."

ಕಿಲಾರಿಗೆ ಒಂದು ಕಟ್ಟು ಇದೆ. 'ನನ್ನ ದನ' ಎಂದು ಅವನು ಬಾಯಿ ತಪ್ಪಿಯೂ ಅನ್ನಬಾರದು. ಹರೆಯದಲ್ಲಿ ಒಮ್ಮೆ ಪಾಲಯ್ಯ ಹೋರಿಯೊಂದರ ಬೆನ್ನು ತಟ್ಟಿ 'ನನ್ನ ಹೋರಿ ನೋಡ್ರಲೇ' ಎಂದಿದ್ದನಂತೆ. ಹಿರಿಯರು ಅವನನ್ನು ಒಂದು ಮಳೆಗಾಲವಿಡೀ ದನದ ರೊಪ್ಪದೊಳಗೆ ಕಾಲಿಡಲು ಬಿಡಲಿಲ್ಲ.

ತೊಂಬತ್ತೇಳರ ಬೇಸಿಗೆ. ಹಟ್ಟಿಯ ದನಗಳು ತಲೆತಲಾಂತರದಿಂದ ಮೇಯುತ್ತಿದ್ದ ಕಾವಲಿನ ಒಂದು ಭಾಗ ಒಂದು ಇಲಾಖೆಯ ಕೈಗೆ ಹೋಗಿತ್ತು. ಇಲಾಖೆಯ ಹೆಸರು ಬೇಡ. ಅವರೂ ನನ್ನಲ್ಲೇ ಬೂಸಾ ಕೊಳ್ಳುತ್ತಾರೆ. ಹೊಸದಾಗಿ ಬಂದ ಸಾಹೇಬರು ಗಡಿಗೆ ಕಲ್ಲು ನೆಡಿಸಿದರು. ಹಟ್ಟಿಗೆ ಮಾತ್ರ ಯಾರೂ ಒಂದು ಮಾತು ಹೇಳಲಿಲ್ಲ. ಒಂದು ಬೆಳಿಗ್ಗೆ ಅವರ ಆಳುಗಳು ಬಂದು ಕಾವಲಿನಲ್ಲಿ ಮೇಯುತ್ತಿದ್ದ ದೇವರ ದನಗಳನ್ನು ಅಟ್ಟಿಕೊಂಡು ಹೋಗಿ ತಮ್ಮ ದೊಡ್ಡಿಗೆ ಕೂಡಿ ಬೀಗ ಹಾಕಿದರು.

ಆ ದಿನ ಬೂಸಾ ಇಳಿಸಲು ಹೋಗಿದ್ದರಿಂದ ನಾನೂ ಅಲ್ಲಿದ್ದೆ. ಸಾಹೇಬರು ಕೆಟ್ಟವರೇನಲ್ಲ, ಕೆಲಸ ಬೇಗ ಮುಗಿಯಲಿ ಎನ್ನುವ ಜಾತಿ.

"ಮಾಲೀಕ ನೀನೇನಯ್ಯ? ಇಲ್ಲಿ ಹೆಬ್ಬೆಟ್ಟು ಒತ್ತು, ಹೊಡ್ಕೊಂಡು ಹೋಗು. ಮೊದಲ್ನೇ ಸಲ, ದಂಡ ಬೇಡ."

"ಮಾಲೀಕ ನಾನಲ್ಲ ಸಾಹೇಬ್ರೆ."

"ಮತ್ಯಾರು?"

"ಸ್ವಾಮಿ."

"ಯಾವ ಸ್ವಾಮಿ? ಕರ್ಕೊಂಡು ಬಾ."

"ಬಂದ್ರೆ ತಮಗೇ ತ್ರಾಸ."

ಆಳುಗಳು ನಕ್ಕರು. ಸಾಹೇಬರು ನಗಲಿಲ್ಲ. "ಸುಮ್ನೆ ನಂದು ಅಂತ ಒತ್ತಯ್ಯ. ನಿಮ್ಮ ಸ್ವಾಮಿ ಬಂದು ನೋಡ್ತಾನಾ?"

"ಕಾದು ಸಾಹೇಬ್ರೆ, ಕಾದು." ಸಿಟ್ಟು ಬಂದರೆ ಪಾಲಯ್ಯನ 'ಅಲ್ಲ' ಮನೆಮಾತಾದ ತೆಲುಗಿಗೆ ತಿರುಗುತ್ತಿತ್ತು. "ನಂದು ಅಂದ್ರೆ ನಾನು ಕದ್ದು ಮೇಯಿಸ್ದೆ ಅಂತ ಆಗ್ತೈತೆ. ನೀವು ದೊಡ್ಡ ಮನಸ್ಸು ಮಾಡಿ ಬಿಟ್ರಿ ಅಂತ ಆಗ್ತೈತೆ. ನಾಳೆ ಮನಸ್ಸು ಸಣ್ಣದಾದ್ರೆ? ಬಿಡೋ ಮಾತು ಆಮೇಲೆ. ಹಿಡಿಯೋಕೆ ನಿಮಗೇನು ಹಕ್ಕಿತ್ತು, ಮೊದ್ಲು ಅದ್ನ ಹೇಳ್ರಿ."

ಸಾಹೇಬರ ಮನಸ್ಸು ಅಲ್ಲೇ ಸಣ್ಣದಾಯಿತು. ವಾರಸುದಾರರಿಲ್ಲದ ದನ, ಸೋಮವಾರ ಹರಾಜು ಎಂದು ತಮಟೆ ಹೊಡೆಸಿದರು. ಕಸಾಯಿ ವ್ಯಾಪಾರದವರು ಬಂದು ಗೋಡೆಯ ಮೇಲಿನಿಂದ ಇಣುಕಿ ಹೋದರು.

ಪಾಲಯ್ಯ ದೊಡ್ಡಿಯ ಗೋಡೆಗೆ ಒರಗಿ ಕೂತ. ಕಾಟಮ್ಮ ಕೊಡದಲ್ಲಿ ನೀರು ಹೊತ್ತಳು, ಅವನು ಗೋಡೆಯಾಚೆಗೆ ಹುಲ್ಲು ಎಸೆದ. ನೆರಳಿಲ್ಲದ ದೊಡ್ಡಿಯಲ್ಲಿ ದನಗಳ ಪಕ್ಕೆ ಕಾಣತೊಡಗಿದವು. ಹಟ್ಟಿಯವರೇ ಬಂದು ಬೈದರು. ಅವನ ಭಾವಮೈದ ಓಬಳೇಶ್ ಎಲ್ಲರಿಗಿಂತ ಜೋರು.

"ಒಂದು ಹೆಬ್ಬೆಟ್ಟಿಗೆ ಇಷ್ಟು ಬಿಗೀತೀಯಲ್ಲ ಭಾವ. ತಪ್ಪುಕಾಣಿಕೆ ಕಟ್ಟಿದ್ರೆ ಸ್ವಾಮಿ ಒಪ್ಕಂತಾನೆ."

"ಸ್ವಾಮಿ ಒಪ್ಕಂತಾನಲೇ. ಇವರು ಒಪ್ಪಿದ್ದನ್ನ ಬರೆದಿಟ್ಕಂತಾರೆ."

ನನಗೂ ಒಂದು ಉಪಾಯ ಹೊಳೆಯಿತು. ಹರಾಜಿನಲ್ಲಿ ನಾನೇ ಕೂಗಿ ದನಗಳನ್ನು ಕೊಂಡು ದೇವರಿಗೆ ಒಪ್ಪಿಸಿದರೆ ಹೇಗೆ? ಪುಣ್ಯಕ್ಕೆ ಪುಣ್ಯ, ಸುತ್ತಿನ ಹಟ್ಟಿಗಳಲ್ಲಿ ಅಂಗಡಿಗೆ ಹೆಸರು. ಪಾಲಯ್ಯ ಪೂರ್ತಿ ಕೇಳಿಸಿಕೊಂಡ.

"ಒಳ್ಳೇ ಮನಸ್ಸು ಸಾವ್ಕಾರ್ರೆ. ಆದ್ರೆ ನೀವು ಕೊಂಡ್ರೆ ಅವರು ಮಾರಿದ್ದು ನಿಜ ಆಗ್ತೈತೆ. ಅವರದಲ್ಲದ್ದನ್ನ ಅವರು ಹೆಂಗೆ ಮಾರ್ತಾರೆ? ನೀವು ಹಿಂಡಿ ಮಾರ್ಕೊಂಡು ಸುಮ್ಕಿರ್ರಿ."

ಮುಗ್ಗಿದ ಹಿಂಡಿ ಎನ್ನಲಿಲ್ಲ, ಅಷ್ಟೇ ಉಪಕಾರ. ಅವನನ್ನು ಕರೆದುಕೊಂಡು ವಕೀಲ ಓಂಕಾರಮೂರ್ತಿಯ ಮನೆಗೆ ಹೋದೆ. ಓಂಕಾರಮೂರ್ತಿ ನನ್ನ ಷಡ್ಡಕ, ಬಿಟ್ಟಿ ವಾದಕ್ಕೆ ಸಿಗುವ ಒಬ್ಬನೇ ವಕೀಲ. ಎಲ್ಲ ಕೇಳಿ ಅವನಿಗೆ ಖುಷಿಯೋ ಖುಷಿ.

"ಕಾನೂನಿನಲ್ಲಿ ದೇವರಿಗೂ ಆಸ್ತಿ ಇರಬಹುದು ಪಾಲಯ್ಯ. ಆದ್ರೆ ದೇವರು ಅಂದ್ರೆ ಮೈನರು, ಚಿಕ್ಕ ಹುಡುಗ ಇದ್ದಂಗೆ. ಅವನ ಪರವಾಗಿ ಯಾರಾದ್ರೂ ಮಾತಾಡಬೇಕು."

"ನಮ್ಮ ಸ್ವಾಮಿ ಚಿಕ್ಕ ಹುಡುಗನಾ?"

"ಕೋರ್ಟಿನ ಒಳಗೆ ಮಾತ್ರ. ಇನ್ನೊಂದು, ಸರ್ಕಾರಕ್ಕೂ ಒಂದು ಮೂಗುದಾರ ಐತೆ. ಸಂವಿಧಾನ ಅಂತಾರೆ. ಯಾರ ವಸ್ತುವನ್ನಾಗಲಿ ಕಾನೂನಿನ ಅಧಿಕಾರ ಇಲ್ದೆ ಕಿತ್ಕೊಳ್ಳಂಗಿಲ್ಲ."

"ಐತಾ? ಮತ್ತೆ ಕಾಣಲ್ಲ."

"ಐತೆ. ಹಿಡಿದು ಜಗ್ಗೋರಿಲ್ಲ."

"ಕೊಡ್ರಿ, ನಾನು ಜಗ್ತೀನಿ," ಎಂದ ಪಾಲಯ್ಯ, ಓಂಕಾರಮೂರ್ತಿ ಅದನ್ನು ಬೀರುವಿನಲ್ಲಿ ಇಟ್ಟುಕೊಂಡಿದ್ದಾನೆ ಎನ್ನುವಂತೆ.

ಅರ್ಜಿ ಬಿತ್ತು. ವಿಚಾರಣೆ ಶುಕ್ರವಾರ ಎಂದಾಯಿತು. ಗುರುವಾರ ಬೆಳಿಗ್ಗೆ ಮುದಿ ಹಸುವೊಂದು ದೊಡ್ಡಿಯಲ್ಲೇ ಸತ್ತಿತು. ನಾನು ಹೋದಾಗ ಪಾಲಯ್ಯ ಅದರ ಕಿವಿ ಸವರುತ್ತ ಕೂತಿದ್ದ. ಓಬಳೇಶ್ ತಲೆ ಎತ್ತಲಿಲ್ಲ. ಕಾವಲುಗಾರ ಗೇಟು ತೆಗೆದು, ಎತ್ತಿನ ಗಾಡಿಗೆ ಏರಿಸಲು ತಾನೂ ಕೈ ಹಾಕಿದ. ಹೆಬ್ಬೆಟ್ಟು ಯಾರೂ ಕೇಳಲಿಲ್ಲ. ಸತ್ತದ್ದಕ್ಕೆ ಮಾಲೀಕ ಬೇಕಾಗಲಿಲ್ಲ.

ಹಟ್ಟಿಯಲ್ಲಿ ಹೂತು ಬಂದ ಮೇಲೆ ಸಾಹೇಬರು ಸ್ವತಃ ಬಂದು ಮೆತ್ತಗೆ ಹೇಳಿದರು, "ಈಗಲಾದ್ರೂ ಒತ್ತಪ್ಪ. ಇನ್ನೊಂದು ಸಾಯೋದು ಬೇಡ."

"ಮೊನ್ನೆ ಒತ್ತಿದ್ರೆ ಕದ್ದು ಮೇಯಿಸ್ದೆ ಅಂತಷ್ಟೇ ಆಗ್ತಿತ್ತು," ಎಂದ ಪಾಲಯ್ಯ. "ಈಗ ಒತ್ತಿದ್ರೆ ಅದು ಸತ್ತಿದ್ದು ನನ್ನ ತಪ್ಪು ಆಗ್ತೈತೆ."

ಮರುದಿನ ಕೋರ್ಟಿನಲ್ಲಿ ಸರ್ಕಾರದ ವಕೀಲರು ಮೊದಲೇ ಗೆದ್ದವರಂತೆ ಎದ್ದರು. ದನ ತನ್ನದಲ್ಲವೆಂದು ಅರ್ಜಿದಾರನೇ ಒಪ್ಪುತ್ತಾನೆ, ಹಾಗಾದರೆ ಅವನಿಗೆ ಇಲ್ಲೇನು ಕೆಲಸ ಎಂದು ಕೇಳಿದರು. ಓಂಕಾರಮೂರ್ತಿ ಮೈನರು ದೇವರ ಮಾತೆತ್ತಿದ. ನ್ಯಾಯಾಧೀಶರು ಇಬ್ಬರನ್ನೂ ಕೂರಿಸಿ ಪಾಲಯ್ಯನನ್ನೇ ಕೇಳಿದರು.

"ನೀನು ಈ ದನಗಳಿಗೆ ಏನಾಗಬೇಕು?"

"ಕಾಯೋನು ಬುದ್ಧಿ."

"ಹಿಡಿದಾಗ ಯಾರ ವಶದಲ್ಲಿದ್ದವು?"

"ನಾನು ಪಕ್ಕದಾಗೇ ನಿಂತಿದ್ದೆ. ಬ್ಯಾಡ ಅಂದೆ. ತಳ್ಳಿದ್ರು."

ನ್ಯಾಯಾಧೀಶರು ಸಾಹೇಬರ ಕಡೆ ತಿರುಗಿದರು. "ಮೇಯಿಸಬಾರದು ಅಂತ ಹಟ್ಟಿಯವರಿಗೆ ತಿಳಿಸಿದ್ರಾ?"

"ಸರ್ಕಾರದ ಜಮೀನು ಸ್ವಾಮಿ. ಯಾರಿಗೆ ಯಾಕೆ ತಿಳಿಸಬೇಕು?"

"ಸರ್ಕಾರದ್ದು ಸರಿ. ಹಿಡಿಯಿರಿ ಅಂತ ಸರ್ಕಾರದ ಆದೇಶ ಎಲ್ಲಿ?"

ಸಾಹೇಬರು ತಮ್ಮ ಗುಮಾಸ್ತನನ್ನು ನೋಡಿದರು. ಗುಮಾಸ್ತ ಫ್ಯಾನು ನೋಡಿದ.

ಹರಾಜು ನಿಂತಿತು. ಹಿಡಿದದ್ದು ಅಕ್ರಮ, ಹಿಡಿದ ಜಾಗದಲ್ಲೇ ದನಗಳನ್ನು ಬಿಟ್ಟು ಬರಬೇಕು ಎಂದು ಆದೇಶವಾಯಿತು. ಕಾವಲಿನಲ್ಲಿ ಮೇಯಿಸುವ ಹಕ್ಕು ಹಟ್ಟಿಗೆ ಉಂಟೋ ಇಲ್ಲವೋ ಎನ್ನುವುದು ಬೇರೆ ದಾವೆ, ಅದು ಮುಗಿಯುವವರೆಗೆ ಮೊದಲಿದ್ದಂತೆಯೇ ಇರಲಿ ಎಂದರು. ಓಂಕಾರಮೂರ್ತಿ ಇದನ್ನು ಪೂರ್ತಿ ಗೆಲುವು ಎಂದು ಇಂದಿಗೂ ಹೇಳುತ್ತಾನೆ. ಪಾಲಯ್ಯ ಎಂದೂ ಹಾಗೆ ಹೇಳಿದ್ದಿಲ್ಲ.

ಗೇಟು ತೆಗೆದ ಮೇಲೆ ಅವನು ದನ ಹೊಡೆಯಲಿಲ್ಲ. "ಒಯ್ದೋರು ನೀವು. ತಂದು ಬಿಡೋರೂ ನೀವೇ," ಎಂದು ಕೈಕಟ್ಟಿ ನಿಂತ. ಆಳುಗಳು ಊರ ನಡುವೆ ದನ ಹೊಡೆದುಕೊಂಡು ಹೊರಟರು, ಹಿಂದೆ ಸಾಹೇಬರ ಜೀಪು, ಅದರ ಹಿಂದೆ ಪಾಲಯ್ಯನೂ ಕಾಟಮ್ಮನೂ. ಕಾವಲು ಮುಟ್ಟಿದಾಗ ಸಾಹೇಬರು ಜೀಪಿನಿಂದ ಇಳಿಯದೆ ಹೇಳಿದರು, "ಇನ್ಮೇಲೆ ಕೇಳಿ ಮೇಯಿಸು."

"ನೀವು ಇನ್ಮೇಲೆ ಕೇಳಿ ಹಿಡೀರಿ," ಎಂದಳು ಕಾಟಮ್ಮ. ಪಾಲಯ್ಯ ಆಗಲೇ ಹಸುಗಳ ನಡುವೆ ಹೋಗಿಬಿಟ್ಟಿದ್ದ.

ದಾವೆ ಚಿತ್ರದುರ್ಗಕ್ಕೆ ಏರಿ ವರ್ಷಗಳಾದವು. ಸಾಹೇಬರುಗಳು ಬದಲಾದರು. ಪ್ರತಿ ವಾಯಿದೆಗೂ ಪಾಲಯ್ಯ ಮೊದಲ ಬಸ್ಸಿಗೆ ಹೋಗುತ್ತಾನೆ, ಅಷ್ಟು ಹೊತ್ತು ದನಗಳ ಬಳಿ ಓಬಳೇಶ್ ಇರುತ್ತಾನೆ. ಮೊನ್ನೆ ಕೋರ್ಟಿನ ಜಗಲಿಯಲ್ಲಿ ಹೊಸ ಸಾಹೇಬರು ಅವನ ಪಕ್ಕ ಕೂತು ರಾಜಿಯ ಮಾತೆತ್ತಿದರಂತೆ. ವರ್ಷವರ್ಷವೂ ಮೇಯಿಸಲು ಪರವಾನಗಿ ಕೊಡುತ್ತೇವೆ, ಕೇಸು ವಾಪಸು ತಗೋ.

"ಯಾರ ಹೆಸರಿಗೆ?" ಎಂದು ಕೇಳಿದನಂತೆ ಪಾಲಯ್ಯ.

"ನಿನ್ನ ಹೆಸರಿಗೇ ಮಾರಾಯ."

ಅವನು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು, ಮುಂದಿನ ವಾಯಿದೆ ಯಾವತ್ತು ಎಂದು ಕೇಳಲು ಒಳಗೆ ಹೋದ.