ಬೆರಳು ನೋಡಿ ತಂತಿ ಕೊಡುವ ಅಕ್ಕ

ಬೆಳಗಿನ ಆರು ಗಂಟೆ. ಲಾಂಡ್ರಿಗೂ ಬೀಗದ ಕೈ ಮಾಡುವವರ ಅಂಗಡಿಗೂ ನಡುವೆ ಇರುವ ವಾದ್ಯಗಳ ಅಂಗಡಿಯ ಶಟರ್ ಅರ್ಧ ಮಾತ್ರ ಎದ್ದಿದೆ. ಬಗ್ಗಿ ಇಣುಕಿದರೆ ಹಿಂದಿನ ಕೋಣೆಯ ಮೇಜಿನ ಮೇಲೆ ಎಲೆಕ್ಟ್ರಿಕ್ ಬೇಸ್ ಗಿಟಾರೊಂದು ಅಂಗಾತ ಮಲಗಿದೆ. ಐವತ್ತು ದಾಟಿದ ಹೆಂಗಸೊಬ್ಬರು ಅದರ ದಪ್ಪ ತಂತಿಯನ್ನು ಒಮ್ಮೆ ಮೀಟಿ, ಕಿವಿಯನ್ನು ಮರದ ಹತ್ತಿರ ತಂದು, ದನಿ ಪೂರ್ತಿ ಆರುವ ತನಕ ಕಾಯುತ್ತಾರೆ. ಆಮೇಲೆ ಬಿರಡೆಯನ್ನು ಕೂದಲೆಳೆಯಷ್ಟು ತಿರುಗಿಸುತ್ತಾರೆ.

"ಬಸ್ಸು ಓಡಾಡೋಕೆ ಶುರುವಾದ್ರೆ ಮುಗೀತು. ಇಂಜಿನ್ನೂ ಗುಂಯ್ ಅನ್ನುತ್ತೆ, ಬೇಸೂ ಗುಂಯ್ ಅನ್ನುತ್ತೆ. ಯಾವುದಕ್ಕೆ ಶ್ರುತಿ ಮಾಡ್ಲಿ ಹೇಳಿ?" ಎಂದು ನಗುತ್ತಾರೆ.

ಊರಿನ ವಾದ್ಯಗಾರರಿಗೆಲ್ಲ ಇವರು 'ತಂತಿ ಅಕ್ಕ'. ಬೇಸ್ ನುಡಿಸುವವರ ಹೆಸರನ್ನೇ ವೇದಿಕೆಯಲ್ಲಿ ಎಷ್ಟೋ ಸಲ ಮರೆಯುತ್ತಾರೆ. ಇನ್ನು ಅದಕ್ಕೆ ತಂತಿ ಆರಿಸಿ ಕಟ್ಟಿದವರನ್ನು ಯಾರು ಕೇಳಬೇಕು?

ಅಕ್ಕ ಮೊದಲು ಫ್ಯಾನಿನ ಕಾರ್ಖಾನೆಯಲ್ಲಿ ಮೋಟಾರಿಗೆ ತಾಮ್ರದ ತಂತಿ ಸುತ್ತುತ್ತಿದ್ದರು. ಕಾರ್ಖಾನೆ ಬೇರೆ ಊರಿಗೆ ಎತ್ತಂಗಡಿಯಾಯಿತು. ಗಂಡನಿಗೆ ಇಲ್ಲೇ ಬೇಕರಿಯಲ್ಲಿ ಕೆಲಸ. ಅದನ್ನು ಬಿಟ್ಟು ಹೋಗುವ ಹಾಗಿರಲಿಲ್ಲ. ಅಕ್ಕ ಈ ಅಂಗಡಿಗೆ ಬಂದದ್ದು ಕಸ ಗುಡಿಸಿ ಒರೆಸುವುದಕ್ಕೆ. ಗಿಟಾರು ರಿಪೇರಿ ಮಾಡುತ್ತಿದ್ದ ಮೇಸ್ತ್ರಿಗೆ ಆಗ ಕಣ್ಣು ಮಂಜಾಗುತ್ತಿತ್ತು. ಅವರು ಸ್ಟೂಲಿನ ಮೇಲೆ ಕೂತು ಹೇಳುತ್ತಿದ್ದರು, ಅಕ್ಕ ಮಾಡುತ್ತಿದ್ದರು.

"ಒಂದಿನ ಹೊಸ ತಂತಿಯನ್ನ ಮಡಿಸದೆ ಹಾಗೇ ಕತ್ತರಿಸಿಬಿಟ್ಟೆ. ತಂತಿ ಮೇಲೆ ಸುತ್ತಿರೋ ಎಳೆ ಒಳಗೊಳಗೇ ಸಡಿಲ ಆಗಿ, ಮೀಟಿದ್ರೆ ಡಬ್ ಅಂತು ಅಷ್ಟೇ. ಮೇಸ್ತ್ರಿ ಬೈತಾರೆ ಅಂದ್ಕೊಂಡೆ. 'ಕೇಳಿಸ್ತಾ? ಸತ್ತ ತಂತಿ ಹೀಗಿರುತ್ತೆ' ಅಂದ್ರು. ಅದು ಕಿವಿಯಲ್ಲಿ ಕೂತುಬಿಡ್ತು."

ಗಿರಾಕಿ ಬಂದು ತಂತಿಯ ಹೆಸರು ಹೇಳಿದ ಕೂಡಲೇ ಅಕ್ಕ ಕಪಾಟಿಗೆ ಕೈ ಹಾಕುವುದಿಲ್ಲ. ಬೆರಳಲ್ಲಿ ನುಡಿಸುತ್ತೀರೋ, ಪಿಕ್ ಹಿಡಿಯುತ್ತೀರೋ? ನಿಮ್ಮ ಡ್ರಮ್ಮಿನವನ ಕೈ ಜೋರಾ? ಉತ್ತರ ಬಂದ ಮೇಲೆ ಬೆರಳ ತುದಿ ಮುಟ್ಟಿ ನೋಡುತ್ತಾರೆ. ಗುಂಡನೆಯ ಎಳೆ ಸುತ್ತಿದ ತಂತಿ ಒರಟು, ಅದರ ದನಿ ಖಣಖಣ. ಚಪ್ಪಟೆ ಪಟ್ಟಿ ಸುತ್ತಿದ್ದು ನುಣುಪು, ಬಿಗಿ, ದನಿ ಗಂಭೀರ. ಕಪ್ಪು ನೈಲಾನ್ ಸುತ್ತಿದ್ದು ಎಲ್ಲಕ್ಕಿಂತ ಮೆತ್ತಗೆ.

ಹೋದ ವರ್ಷ ಲಾರಿ ಡ್ರೈವರ್ ಒಬ್ಬರು ಗಿಟಾರು ಹೊತ್ತು ಬಂದರು. ವಾರದ ಕೊನೆಯಲ್ಲಿ ಹೋಟೆಲಿನ ಪುಟ್ಟ ತಂಡದಲ್ಲಿ ಬೇಸ್ ನುಡಿಸುವವರು. ಕಾದ ರೇಡಿಯೇಟರಿನ ಮುಚ್ಚಳ ತೆಗೆಯಲು ಹೋಗಿ ಬಲಗೈ ಸುಟ್ಟುಕೊಂಡಿದ್ದರು. ಹೊಸ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳು.

"ಅಕ್ಕ, ಇದನ್ನ ಯಾರಿಗಾದ್ರೂ ಮಾರಿಬಿಡಿ. ತಂತಿ ಮುಟ್ಟಿದ್ರೆ ರಕ್ತ ಬರುತ್ತೆ."

"ಮಾರೋದು ಇದ್ದೇ ಇದೆ. ಮೊದಲು ಕೈ ಇಲ್ಲಿಡಪ್ಪ, ನೋಡೋಣ."

ಮೊದಲು ಚಪ್ಪಟೆ ಸುತ್ತಿನ ತಂತಿ ಕಟ್ಟಿದರು. ಉರಿ ತಪ್ಪಿತು, ಆದರೆ ಆ ಬಿಗಿಯನ್ನು ಎಳೆಯಲು ಬೆರಳಿಗೆ ಶಕ್ತಿ ಸಾಲಲಿಲ್ಲ. ಡ್ರೈವರ್ ಮುಖ ಸಣ್ಣದಾಯಿತು. ಅಕ್ಕ ಬಿಡಲಿಲ್ಲ, ಅದನ್ನು ಬಿಚ್ಚಿ ನೈಲಾನಿಗೆ ಬಂದರು. ತಂತಿ ದಪ್ಪ, ಅದು ಕೂರುವ ಕಚ್ಚು ಕಿರಿದು. ಅರದಿಂದ ಉಜ್ಜಿ ಅಗಲ ಮಾಡಿದರು. ಎಳೆತ ಕಮ್ಮಿಯಾದ್ದರಿಂದ ಗಿಟಾರಿನ ಕುತ್ತಿಗೆ ಹಿಂದಕ್ಕೆ ಬಾಗಿ, ತಂತಿ ಅದರ ಮೇಲಿನ ಲೋಹದ ಪಟ್ಟಿಗಳಿಗೆ ತಗುಲಿ ಚರಚರ ಅನ್ನತೊಡಗಿತು. ಕುತ್ತಿಗೆಯನ್ನು ಬಿಗಿಹಿಡಿಯುವ ಒಳಗಿನ ಸರಳನ್ನು ದಿನಕ್ಕಿಷ್ಟು ಸಡಿಲಿಸುತ್ತಾ ಕೆಲವು ಬೆಳಗು ಅದಕ್ಕೇ ಕೊಟ್ಟರು.

ಮತ್ತೆ ಬಂದ ಡ್ರೈವರ್ ಹೆದರುತ್ತಲೇ ಮೀಟಿದರು. ಆಮೇಲೆ ನಿಲ್ಲಿಸಲೇ ಇಲ್ಲ. ಲಾಂಡ್ರಿಯವರು ಇಸ್ತ್ರಿ ಬದಿಗಿಟ್ಟು ನೋಡಲು ಬಂದರು.

ಆದರೆ ತಂಡದ ಡ್ರಮ್ಮಿನವನಿಗೆ ಹಿಡಿಸಲಿಲ್ಲ. "ಏನಣ್ಣ ಇದು, ಕಂಬಳಿ ಹೊದ್ದು ನುಡಿಸಿದ ಹಾಗಿದೆ!" ಎಂದನಂತೆ. ಸುದ್ದಿ ಕೇಳಿದ ಅಕ್ಕ ತಾವೇ ಅಭ್ಯಾಸದ ಕೋಣೆಗೆ ಹೋದರು, ಗೋಡೆಗೊರಗಿ ಪೂರ್ತಿ ಕೇಳಿದರು.

"ಅವನು ಹೇಳಿದ್ದು ಸರಿಯಾಗೇ ಇತ್ತು. ಡ್ರೈವರಿಗೆ 'ಕೈ ಸ್ವಲ್ಪ ಹಿಂದಕ್ಕೆ ತಗೋ, ತಂತಿ ಕಟ್ಟಿರೋ ಬುಡದ ಹತ್ರ ಮೀಟು' ಅಂದೆ. ದನಿ ಬಿಡಿಸಿಕೊಂಡು ಬಂತು. ಡ್ರಮ್ಮಿನವನು ನನ್ನ ಕಡೆ ನೋಡಿ ಕೋಲು ಎತ್ತಿ ತೋರಿಸಿದ. ಸಾಕಲ್ಲ?"

ಡ್ರೈವರ್ ಈಗಲೂ ವಾರ ವಾರ ನುಡಿಸುತ್ತಾರೆ. ಗಿಟಾರು ಮಾರುವ ಮಾತು ಮತ್ತೆ ಬಂದಿಲ್ಲ.

ಅಕ್ಕನಿಗೆ ಒಂದು ಹಾಡನ್ನೂ ನುಡಿಸಲು ಬರುವುದಿಲ್ಲ. ಕಲಿಯುವ ಆಸೆಯಿಲ್ಲವೇ ಎಂದರೆ, "ಅಯ್ಯೋ, ಎಲ್ಲರೂ ನುಡಿಸ್ತಾ ಕೂತ್ರೆ ತಂತಿ ಕಟ್ಟೋರು ಯಾರು?" ಎನ್ನುತ್ತಾರೆ. ಆಸೆಯೊಂದಿತ್ತು, ತಮ್ಮ ಕೆಲಸವನ್ನು ಗಂಡನಿಗೆ ಕೇಳಿಸಬೇಕು ಅಂತ. ಅದೂ ಕಳೆದ ತಿಂಗಳು ತೀರಿತು. ಡ್ರೈವರ್ ಇಬ್ಬರನ್ನೂ ಹೋಟೆಲಿಗೆ ಕರೆದು ಹಿಂದಿನ ಮೇಜಿನಲ್ಲಿ ಕೂರಿಸಿದ್ದರು.

"ನಮ್ಮೆಜಮಾನ್ರು ಅರ್ಧ ಹಾಡು ಕೇಳಿ, 'ಇಷ್ಟೊಂದು ಸದ್ದಲ್ಲಿ ನಿಂದು ಯಾವುದೇ?' ಅಂದ್ರು. ಬಾಯಲ್ಲಿ ಹೇಗೆ ಹೇಳೋದು? ಅವರ ಅಂಗೈ ಹಿಡಿದು ಮೇಜಿನ ಮೇಲೆ ಇಟ್ಟೆ. ಹಲಗೆ ಸಣ್ಣಗೆ ನಡುಗ್ತಾ ಇತ್ತು. 'ಇದು ಕಣ್ರೀ' ಅಂದೆ," ಎಂದು ಅಕ್ಕ ಮುಂದಿನ ಗಿಟಾರನ್ನು ಮೇಜಿಗೆ ಎಳೆದುಕೊಳ್ಳುತ್ತಾರೆ. "ಹಾಡು ಮುಗಿಯೋ ತನಕ ಕೈ ತೆಗೀಲೇ ಇಲ್ಲ ನೋಡಿ ಆ ಮನುಷ್ಯ."