ಎದುರಿನವರ ಮಾತು ಮೊದಲು

ನಿವೃತ್ತನಾದ ಮೇಲೂ ನನಗೆ ಗಂಟೆ ಎಂದರೆ ಗಂಟೆ. ಮೊರಬದ ವಾಚನಾಲಯದಲ್ಲಿ ಸೋಮವಾರ ಸಂಜೆ ಆರಕ್ಕೆ ನನ್ನ ಉಪನ್ಯಾಸ ಶುರು, ಏಳಕ್ಕೆ ಮುಕ್ತಾಯ. ಆ ವಾರದ ವಿಷಯ ಯಹೂದಿ ಧರ್ಮಶಾಸ್ತ್ರದ ಪಂಡಿತರು. ಎರಡು ಸಾವಿರ ವರ್ಷಗಳನ್ನು ಒಂದು ತಾಸಿಗೆ ಹೊಂದಿಸಿಕೊಂಡು ಹೋಗಿದ್ದೆ. ಊರವರು ಮೊದಲ ಶತಮಾನವನ್ನೇ ದಾಟಲು ಬಿಡಲಿಲ್ಲ.

ಆಗ ಯಹೂದಿಗಳಲ್ಲಿ ಎರಡು ಗುರುಪರಂಪರೆಗಳು ಒಂದೊಂದು ವಿಧಿಗೂ ವಾದಕ್ಕೆ ನಿಲ್ಲುತ್ತಿದ್ದವು. ಒಂದು ಕಡೆಯವರು ಎದುರಿನವರ ಮಾತನ್ನು ಮೊದಲು ಹೇಳಿ, ಆಮೇಲೆ ತಮ್ಮದನ್ನು ಹೇಳುತ್ತಿದ್ದರಂತೆ. ತೀರ್ಪು ಅವರ ಪರ ನಿಂತದ್ದು ಅದಕ್ಕೇ ಎಂಬ ಮಾತಿದೆ. ಇಷ್ಟು ಹೇಳುವಷ್ಟರಲ್ಲಿ ಮುಂದಿನ ಬೆಂಚಿನಿಂದ ಒಬ್ಬ ರೈತ ಎದ್ದ. ಇವನ ಹೊಲ ಅಣ್ಣನ ಹೊಲದ ಹಿಂದೆ. ಅಣ್ಣ ಬದುವಿನ ಮೇಲೆ ಟ್ರ್ಯಾಕ್ಟರ್ ಹಾಯಲು ಬಿಡುತ್ತಿರಲಿಲ್ಲ. ನೆಲದ ತೇವ ಆರುವ ಮೊದಲು ಕಡಲೆ ಬಿತ್ತದಿದ್ದರೆ ಇವನ ಹಿಂಗಾರು ಹೋದಂತೆಯೇ. ಅಣ್ಣನೂ ಹಿಂದಿನ ಬೆಂಚಿನಲ್ಲೇ ಇದ್ದ.

“ಹಂಗಾದ್ರ ನಮ್ಮಣ್ಣ ಮೊದ್ಲ ನನ್ನ ಮಾತು ಹೇಳ್ಲಿರಿ, ಮಾಸ್ತರ್ರ.”

ಇದು ಉಪನ್ಯಾಸ, ಪಂಚಾಯ್ತಿಯಲ್ಲ ಎಂದೆ. ಯಾರು ಕೇಳುತ್ತಾರೆ? ಎಲ್ಲರೂ ನನಗೆ ಬೆನ್ನು ತಿರುಗಿಸಿ ಅಣ್ಣನತ್ತ ಮುಖ ಮಾಡಿ ಕುಳಿತರು.

ದಾರಿ ಕೇಳುತ್ತಾನೆ, ಅಷ್ಟೇ ಎಂದ ಅಣ್ಣ. ಅಷ್ಟೇ ಅಲ್ಲ, ಸರಿಯಾಗಿ ಹೇಳು ಎಂದ ತಮ್ಮ. ಇವನು ಮತ್ತೆ ಹೇಳಿದ, ಅವನು ಮತ್ತೆ ತಿದ್ದಿದ. ಏಳು ಹೊಡೆದದ್ದನ್ನು ನೆನಪಿಸಿದೆ. ಮುದುಕರೊಬ್ಬರು ನನಗೇ ಸುಮ್ಮನೆ ಕೂಡಲು ಹೇಳಿದರು.

ಕೊನೆಗೆ ಅಣ್ಣ ಬೇಸತ್ತು ಅಂದ: “ಅಪ್ಪ ಇದ್ದಾಗ ಎಲ್ಲಾರ ಕೂರಿಗಿನೂ ಇದ ಬದುವಿನ ಮ್ಯಾಲ ಹೋಗತಿದ್ವು. ಹೊಲ ಪಾಲಾತು, ದಾರಿ ಯಾರೂ ಪಾಲ ಮಾಡ್ಲಿಲ್ಲ. ಇದ ಹೌದಲ್ಲ ನಿನ್ನ ಮಾತು?”

ತಮ್ಮ ಪೆಚ್ಚಾದ. “ಇದನ್ನ ನಾ ಅಂದಿಲ್ಲಲ್ಲೋ ಯಣ್ಣಾ.”

“ಅನ್ನಾಕ ನಿನಗ ಬಂದ್ರ ತಾನ.”

ಇನ್ನು ನಿನ್ನ ವಾದ ಹೇಳು ಎಂದೆ ಅಣ್ಣನಿಗೆ. ನಿಯಮಕ್ಕೆ ಎರಡನೆಯ ಅರ್ಧವೂ ಇದೆ. ಅವನು ತಲೆ ಕೆರೆದುಕೊಂಡ. ಬದು ಒಡೆದರೆ ತಮ್ಮನೇ ಕಟ್ಟಿಕೊಡಬೇಕು ಎಂದು ಹೇಳಿ, ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ. ಅವನ ಹಿಂದೆ ಸಭೆಯೂ ಎದ್ದಿತು.

ಮರುದಿನವೇ ಬಿತ್ತನೆಯಾಯಿತು. ಉಳಿದ ಪಂಡಿತರೇನಾದರು ಎಂದು ಇಂದಿಗೂ ಒಬ್ಬರೂ ಕೇಳಿಲ್ಲ. ಚಳಿಗಾಲದಲ್ಲಿ ತಮ್ಮನು ಹಸಿ ಕಡಲೆಯ ಸುಲಗಾಯಿ ಗಿಡಗಳನ್ನು ಹೊರೆ ಕಟ್ಟಿ ವಾಚನಾಲಯಕ್ಕೇ ತಂದು ಹಂಚಿದ. ಅಂದಿನ ಉಪನ್ಯಾಸದುದ್ದಕ್ಕೂ ಸಿಪ್ಪೆ ಸುಲಿಯುವ ಸದ್ದು. ಅಣ್ಣನಂತೂ ಎರಡನೆಯ ಸಲ ಕೈಚಾಚಿದ್ದ.