ಹೋಲುವವರನ್ನು ಹುಡುಕುವ ಬೈಲಪ್ಪ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೆಂಗಳೂರಿನ ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನಲ್ಲಿ ಕೂಲಿಗೆ ಕಾಯುತ್ತಿರುವ ಗಾರೆ ಕೆಲಸದವರ ಮುಖಗಳನ್ನು ಬೈಲಪ್ಪ ಒಂದೊಂದಾಗಿ ದಿಟ್ಟಿಸುತ್ತಿದ್ದಾರೆ. "ಏನ್ ಯಜಮಾನ್ರೇ, ಹೆಣ್ ಕೊಡೋಕ್ ಬಂದಿದ್ದೀರಾ?" ಎಂದು ಒಬ್ಬ ಛೇಡಿಸುತ್ತಾನೆ. ಬೈಲಪ್ಪ ನಗುತ್ತಾರೆ. "ಸಣ್ಣಕ್ಕಿದ್ದೀಯ, ಮೀಸೆ ಇದೆ, ಎತ್ತರಾನೂ ಸರಿ. ಬಾರಪ್ಪ, ಇವತ್ತಿನ ಕೂಲಿ ನಂದು. ಸುಮ್ನೆ ನಿಂತ್ಕೊಳ್ಳೋದಷ್ಟೆ ಕೆಲ್ಸ." ಆತನ ಹೆಸರು ಜಗನ್, ಮೊನ್ನೆಯಷ್ಟೇ ಮುಳಬಾಗಿಲಿನಿಂದ ಬಂದವನು.

ಬೈಲಪ್ಪ ಸರ್ಕಾರಿ ಕಚೇರಿಯೊಂದರ ಜವಾನ. ಪೊಲೀಸರು ಕಳ್ಳನೆಂದು ಯಾರನ್ನಾದರೂ ಹಿಡಿದರೆ ಜೈಲಿನಲ್ಲಿ ತಹಶೀಲ್ದಾರರ ಎದುರು ಗುರುತು ಪರೇಡ್ ನಡೆಯುತ್ತದೆ. ಆರೋಪಿಯನ್ನು ಬೇರೆ ಎಂಟು ಮಂದಿಯ ನಡುವೆ ನಿಲ್ಲಿಸಿ, ಕಣ್ಣಾರೆ ಕಂಡವರಿಗೆ ಕಳ್ಳ ಯಾರೆಂದು ಗುರುತಿಸಿ ಎನ್ನುತ್ತಾರೆ. ಆ ಎಂಟು ಮಂದಿಯನ್ನು ತರುವುದು ಬೈಲಪ್ಪನವರ ಪಾಲಿನ ಕೆಲಸ. ಅದೇನು ಮಹಾ ಎನ್ನಬೇಡಿ.

ತೊಂಬತ್ತೈದನೇ ಇಸವಿಯಲ್ಲಿ ಅವರು ಈ ಕೆಲಸಕ್ಕೆ ಹೊಸಬರು. ಸಾಹೇಬರ ಮುಂದೆ ಹೋಗುವುದಲ್ಲವೇ ಎಂದು ಎಂಟೂ ಮಂದಿಯ ಚಪ್ಪಲಿಯನ್ನು ಬಾಗಿಲಲ್ಲೇ ಬಿಡಿಸಿದರು. ಲಿಂಗರಾಜಪುರದ ಭಗವಂತರಾಯ ಎಂಬ ಆರೋಪಿಯನ್ನು ಪೊಲೀಸರು ಇನ್ನೊಂದು ಬಾಗಿಲಿಂದ ಕರೆತಂದರು, ಅವನ ಕಾಲಲ್ಲಿ ಚಪ್ಪಲಿ ಹಾಗೇ ಇತ್ತು. ಸಾಕ್ಷಿ ನೇರವಾಗಿ ಅವನತ್ತಲೇ ಕೈ ತೋರಿಸಿದ. ಹೊರಗೆ ಬಂದು ಅವನಂದ ಮಾತು ಕೇಳಿ: "ಚಪ್ಪಲಿ ಹಾಕಿದ್ದವನೇ ತಾನೇ ಪೊಲೀಸ್ರು ಹಿಡ್ದಿರೋನು?"

ಅಬ್ಬಾ! ಬೈಲಪ್ಪ ಓಡಿ ಹೋಗಿ ಮೇಲಿನವರಿಗೆ ಹೇಳಿದರು, ಬೈಸಿಕೊಂಡು ಬಂದರು. ಭಗವಂತರಾಯನಿಗೆ ಶಿಕ್ಷೆಯಾಯಿತು. ನಿಜವಾದ ಕಳ್ಳ ಸಿಕ್ಕಿಬೀಳುವಷ್ಟರಲ್ಲಿ ಅವನು ಆರು ವರ್ಷ ಜೈಲಿನಲ್ಲಿ ಕಳೆದಿದ್ದ. ಒಂದು ಜೊತೆ ಹವಾಯಿ ಚಪ್ಪಲಿ ಒಬ್ಬನ ಹರೆಯವನ್ನೇ ನುಂಗಿತು ಎಂದರೆ ನಂಬುವುದಾದರೂ ಹೇಗೆ?

"ಮರ್ಯಾದೆ ಅಂತ ಬಿಡಿಸ್ದೆ ಸಾರ್. ಅವನ ಕಾಲು ನೋಡ್ಲೇ ಇಲ್ಲ," ಎನ್ನುವಾಗ ಈಗಲೂ ಬೈಲಪ್ಪನವರ ದನಿ ಇಳಿದುಹೋಗುತ್ತದೆ. ಅಂದಿನಿಂದ ಅವರು ಕೈಗೆ ಸಿಕ್ಕವರನ್ನೆಲ್ಲ ಎಳೆದು ತರುವುದಿಲ್ಲ. ಆರೋಪಿಗೆ ಗಡ್ಡವಿದ್ದರೆ ಎಲ್ಲರಿಗೂ ಗಡ್ಡವಿರಬೇಕು. ಅವನು ಲುಂಗಿಯಲ್ಲಿದ್ದರೆ ಎಂಟು ಲುಂಗಿ ಹೊಂದಿಸುತ್ತಾರೆ.

ಇವತ್ತಿನ ಆರೋಪಿ ಹಲಸೂರಿನ ಕೆಂಪರಾಜ್, ಪ್ಲಂಬರ್. ಹುಬ್ಬಿನ ಮೇಲೆ ಗಾಯ, ಗಾಯದ ಮೇಲೆ ಪ್ಲಾಸ್ಟರ್. ಅವನ ಮೇಲಿರುವುದು ಸರಗಳ್ಳತನದ ಬರೀ ಅನುಮಾನ. ಸರ ಕಳೆದುಕೊಂಡ ಜೀವನ್ ಬಿಮಾ ನಗರದ ಕೋಕಿಲಾ "ಇವನೇ" ಎಂದುಬಿಟ್ಟರೆ ಅವನ ಕಥೆ ಮುಗಿದ ಹಾಗೆ. ಬೈಲಪ್ಪ ಮೆಡಿಕಲ್ ಶಾಪಿನಿಂದ ತಂದ ಪ್ಲಾಸ್ಟರನ್ನು ಎಂಟೂ ಹುಬ್ಬುಗಳಿಗೆ ಅಂಟಿಸುತ್ತಾರೆ.

ಕೋಕಿಲಾ ಬರುತ್ತಾರೆ, ಸಾಲಿನುದ್ದಕ್ಕೂ ನಡೆಯುತ್ತಾರೆ, ತಟ್ಟನೆ ನಿಲ್ಲುತ್ತಾರೆ. "ಇವ್ನೇ! ಈ ಮುಖ ಸತ್ರೂ ಮರೆಯಲ್ಲ."

ಅವರ ಬೆರಳಿರುವುದು ಜಗನ್ ಕಡೆಗೆ! ಸರ ಹೋದದ್ದು ಹಿಂದಿನ ತಿಂಗಳು, ಆಗ ಅವನು ಬೆಂಗಳೂರಿಗೆ ಕಾಲೇ ಇಟ್ಟಿರಲಿಲ್ಲ. ತಹಶೀಲ್ದಾರರು ಎಲ್ಲರ ಜಾಗ ಬದಲಿಸಿ ಮತ್ತೆ ಕೇಳುತ್ತಾರೆ. ಮತ್ತೆ ಜಗನ್ನೇ. ಪಾಪ, ಅವನು ಬೈಲಪ್ಪನವರ ತೋಳು ಹಿಡಿದುಕೊಳ್ಳುತ್ತಾನೆ. "ಯಜಮಾನ್ರೇ, ನನ್ನ ಒಳಗ್ ಹಾಕ್ತಾರಾ?" ಬೈಲಪ್ಪ ಅವನ ಬೆನ್ನು ಸವರುತ್ತಾರೆ. "ಇಲ್ಲಪ್ಪ. ನೀನು ಬಂದಿದ್ದಕ್ಕೆ ಒಬ್ಬ ಉಳ್ಕೊಂಡ."

ತಾನು ತೋರಿಸಿದ್ದು ಕೂಲಿಗೆ ಬಂದವನನ್ನು ಎಂದು ತಿಳಿದ ಕೋಕಿಲಾ ಹೊರಗಿನ ಕಟ್ಟೆಯ ಮೇಲೆ ಕುಸಿದು ಕೂರುತ್ತಾರೆ. "ಒಬ್ಬನಿಗೇ ಪ್ಲಾಸ್ಟರ್ ಇದ್ದಿದ್ರೆ ಅವನನ್ನೇ ತೋರಿಸ್ಬಿಡ್ತಿದ್ದೆ ರೀ. ಅದೂ ಪ್ರಮಾಣ ಮಾಡಿ! ನನ್ನ ಕಣ್ಣು ನಾನೇ ಹೇಗ್ರೀ ನಂಬ್ಲಿ?" ಬೈಲಪ್ಪ ನೀರು ತಂದುಕೊಡುತ್ತಾರೆ.

ಇದಾಗಿ ತಿಂಗಳು ಕಳೆದಿದೆ. ಕೆಂಪರಾಜ್ ಬಿಡುಗಡೆಯಾಗಿ ಕೆಲಸಕ್ಕೆ ಹೋಗುತ್ತಿದ್ದಾನೆ. ಅವನನ್ನು ಮತ್ತೆ ಕಂಡಿರಾ ಎಂದರೆ ಬೈಲಪ್ಪ ನಾಚಿಕೊಂಡು ಹೇಳುತ್ತಾರೆ: "ಮೊನ್ನೆ ಬಸ್ಸಲ್ಲಿ ನನ್ ಪಕ್ಕಾನೇ ಕೂತಿದ್ದ ಸಾರ್. ನಾನ್ಯಾರು ಅಂತ ಗೊತ್ತಿಲ್ಲ ಅವನಿಗೆ. ಒಳ್ಳೆ ನಿದ್ದೆ ಹೊಡೀತಿದ್ದ. ಹಲಸೂರು ಬಂತು, ಎಬ್ಬಿಸ್ದೆ. 'ಥ್ಯಾಂಕ್ಸ್ ಅಂಕಲ್' ಅಂತ ಇಳ್ಕೊಂಡು ಹೋದ."